ನೀರು ಕುಡಿದ ಹೊಸ್ತಿಲು

ಬಸಲಿಂಗವ್ವ ದಿನಾ ಮುಂಜಾನೆ ಹೊಸ್ತಿಲಿಗೆ ತಂಬಿಗೆ ತಂಬಿಗೆ ನೀರು ಸುರಿದು ತೊಳೆಯುತ್ತಿದ್ದಳು. ಅರಿಸಿಣ ಬಳಿದು, ವಿಭೂತಿಯ ಗೆರೆ ಎಳೆದು, ಚಿಕ್ಕಂದಿನಲ್ಲಿ ಕೇಳಿ ಕಲಿತ ವಚನ ಹೇಳಿಕೊಳ್ಳುವಳು. ಕಡಲಾಚೆಯ ಪಿನ್ನರ್ ಊರಿನ ಈ ಹಳೆಯ ಮನೆಗೆ ಬಂದು ಆರು ವರ್ಷವಾದರೂ ವಿಜಯಪುರದ ರೂಢಿ ತಪ್ಪಿರಲಿಲ್ಲ.

ಮನೆ ಕೊಂಡಾಗ ಮಗ ರುದ್ರೇಶ ಹೇಳಿದ್ದ: "ನಮ್ಮ ಕಡೀ ಮನೀಗತೆ ಪಾಯಾ ಇಲ್ಲ ಬೇ ಇದಕ್ಕ. ನೆಲದ ಮ್ಯಾಲೆ ಓಕ್ ಮರದ ಉದ್ದನ ತೊಲಿ ಮಲಗ್ಸ್ಯಾರ, ಅದರ ಮ್ಯಾಲೆ ಕಂಬ ನಿಂತಾವ. ನಡುವಿನ ಗ್ವಾಡಿ ಬರೇ ಕಡ್ಡಿ, ಮಣ್ಣು. ಭಾರೆಲ್ಲಾ ಕಟಗೀ ಮ್ಯಾಲೆ."

ಮೇಲಿನ ಕೋಣೆ ಮುಂಬಾಗಿಲನ್ನು ದಾಟಿ ಬೀದಿಯತ್ತ ಚಾಚಿಕೊಂಡಿತ್ತು. ಅದು ಮೊಮ್ಮಗಳು ಸಾನ್ವಿಯದು.

ಈ ಚಳಿಗಾಲ ಮನೆ ಸದ್ದು ಮಾಡತೊಡಗಿತು. ಮೊದಲು ಹಲ್ಲು ಕಡಿದಂತೆ, ಆಮೇಲೆ ನರಳಿದಂತೆ. ವಚನ ನಿಲ್ಲಿಸಿ ಕಿವಿಗೊಟ್ಟರೆ ಅದೂ ನಿಲ್ಲುತ್ತಿತ್ತು.

"ನಿನ್ನ ವಚನಾ ಕೇಳಿ ಮನಿ ಆಕಳಸ್ತದ," ಎಂದು ರುದ್ರೇಶ ನಕ್ಕ. "ಹಳೀ ಕಟಗಿ ಬೇ, ಥಂಡ್ಯಾಗ ಸಪ್ಪಳ ಮಾಡ್ತದ."

ಮುಂಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿತು. ಇಲ್ಲಿ ಬಾಳಿಹೋದ ಯಾವುದೋ ಜೀವ ಮುನಿದಿದೆ ಅನ್ನಿಸಿ ಅವಳು ಸಂಜೆಯೂ ಹೊಸ್ತಿಲು ತೊಳೆದಳು. ಸದ್ದು ಹೆಚ್ಚಿತು. ನೀರೂ ಹೆಚ್ಚಿಸಿದಳು.

ಶನಿವಾರ ರುದ್ರೇಶ ತರಕಾರಿಗೆಂದು ವೆಂಬ್ಲಿಯ ಪೇಟೆಗೆ ಹೋಗಿದ್ದ. ಅರಿಸಿಣ ಒತ್ತುತ್ತಿದ್ದ ಅವಳ ಬೆರಳು ಹೊಸ್ತಿಲೊಳಗೆ ಇಳಿಯಿತು. ಹಾಲಲ್ಲಿ ನೆಂದ ಬ್ರೆಡ್ಡಿನಷ್ಟು ಮೆತ್ತಗೆ. ಪಕ್ಕದ ಕಂಬದ ಬುಡವೂ ಅದರೊಳಗೆ ಹೂತಿತ್ತು. ಮಗ ಹೇಳಿದ್ದ ತೊಲೆ ಇದೇ. ಇಷ್ಟು ವರ್ಷ ಅದಕ್ಕೆ ನೀರು ಕುಡಿಸಿದವಳು ತಾನೇ.

ಮೇಲೆ ಧಪ್ ಧಪ್ ಎಂದಿತು. ಪ್ರತಿ ಸಲವೂ ಕಂಬದಡಿಯಿಂದ ಕಪ್ಪು ನೀರು ಜಿನುಗಿತು.

ಅವಳು ಮಗನಿಗೆ ಫೋನು ಹಚ್ಚಿದಳು. "ರುದ್ರಾ, ಹೊಸ್ತಲಾ ಕೊಳತದೋ. ಕಂಬ ಇಳ್ಯಾಕತ್ತದ."

"ಸಾನ್ವಿ ಎಲ್ಲಿದಾಳ?"

"ಮ್ಯಾಲೆ."

"ಕೆಳಗ ಕರಿ. ಹಿತ್ತಲ ಬಾಗಲ್ಲಿಂದ ಹೊರಗ ಹೋಗ್ರಿ. ಮುಂದಿನ ಬಾಗಲಾ ಮುಟ್ಟಬ್ಯಾಡ್ರಿ."

ಕೂಗಿದರೂ ಮನೆ ಬಿದ್ದೀತೆಂದು ಅವಳು ಮೆಲ್ಲಗೆ ಕರೆದಳು. "ಸಾನ್ವಿ, ಬಾರವ್ವ."

"ಒನ್ ಮೋರ್ ಟೈಮ್, ಅಜ್ಜಿ. ಡ್ಯಾನ್ಸ್ ಪ್ರಾಕ್ಟೀಸ್."

"ಕುಣೀಬ್ಯಾಡ. ಬೆಕ್ಕಿನ ಹೆಜ್ಜಿ ಹಾಕ್ಕೋತ ಇಳಿ."

ಅವಳು ಕಂಬಕ್ಕೆ ಹೆಗಲು ಕೊಟ್ಟಳು. ಮೆಟ್ಟಿಲು ಒಂದೊಂದಾಗಿ ಕಿರುಗುಟ್ಟಿದವು. ಕೆಳಗೆ ಬಂದ ಹುಡುಗಿ ನೇರ ಮುಂಬಾಗಿಲಿಗೇ ಬಂದು, ಅಜ್ಜಿ ಕಲಿಸಿದಂತೆ ಹೊಸ್ತಿಲು ತುಳಿಯದೆ ದಾಟಲು ಕಾಲೆತ್ತಿದಳು.

"ಇತ್ತಾಗ ಬ್ಯಾಡ. ಹಿತ್ತಲಕಡೆ ಓಡು."

ಮುದುಕಿಯ ಮುಖ ನೋಡಿ ಸಾನ್ವಿ ಹಿತ್ತಲಿಗೆ ಓಡಿದಳು. ಹೆಗಲ ಮೇಲಿನ ಕಂಬ, ದಣಿದವರು ಕುಕ್ಕರಿಸುವ ಹಾಗೆ, ನಿಧಾನ ಕೆಳಗಿಳಿಯುತ್ತಿತ್ತು.

ಹಿತ್ತಲಿನಿಂದ ದನಿ ಬಂತು. "ಅಜ್ಜಿ, ಕಮ್."

ಬಸಲಿಂಗವ್ವ ಹೆಗಲು ತೆಗೆದಳು. ಬಾಗಿಲಿನ ಮೇಲಿಂದ ಕಣ್ಣು ಕೀಳದೆ ಹಿಂದೆ ಹಿಂದೆ ನಡೆದಳು. ನರಳಿಕೆ ಶುರುವಾಯಿತು. ಅಭ್ಯಾಸದಂತೆ ನಿಂತು ಕಿವಿಗೊಟ್ಟಳು.

ಈ ಸಲ ಅದು ನಿಲ್ಲಲಿಲ್ಲ. ಅವಳು ತಿರುಗಿ ಓಡಿದಳು.