ಲೆಂಪಿ ಮುಮ್ಮೊನ ನೇರಳೆ ಹಾಲು

ಹೇತೆಯಾರ್ವಿ ಹಳ್ಳಿಯಲ್ಲಿ ಯಾರನ್ನು ಬೇಕಾದರೂ ವಯಸ್ಸು ಕೇಳಬಹುದು, ಮೊಣಕಾಲು ನೋವು ಕೇಳಬಹುದು, ಗಂಡಹೆಂಡಿರ ಜಗಳದ ಕಾರಣವನ್ನೂ ಕೇಳಬಹುದು. "ಮುಸ್ತಿಕ್ಕಾ ಹಣ್ಣು ಎಲ್ಲಿ ಕಿತ್ರಿ?" ಅಂತ ಮಾತ್ರ ಕೇಳಕೂಡದು. ಕೇಳಿದರೆ ಎದುರಿಗಿರುವವರು ಗಾಳಿಯಲ್ಲಿ ಕೈ ಆಡಿಸಿ, "ಅಲ್ಲೇ, ಗುಡ್ಡದ ಹಿಂದೆ" ಅನ್ನುತ್ತಾರೆ. ಮುಸ್ತಿಕ್ಕಾ ಅಂದರೆ ಕಾಡಿನಲ್ಲಿ ತಾನಾಗಿ ಬೆಳೆಯುವ ಪುಟ್ಟ ಬ್ಲೂಬೆರಿ, ಒಳಗೂ ಕಡುನೀಲಿ. ಕಾಡು ಎಲ್ಲರದು, ಹಣ್ಣು ಎಲ್ಲರದು, ಆದರೆ ಹಣ್ಣಿನ ಜಾಗ ಅವರವರದು. ಈ ವಿಷಯದಲ್ಲಿ ಲೆಂಪಿ ಮುಮ್ಮೊನದು, ಅಂದರೆ ಲೆಂಪಿ ಅಜ್ಜಿಯದು, ಒಂದು ಕೈ ಮೇಲೆ. ಕಟ್ಟಿಕೊಂಡ ಗಂಡನಿಗೇ ಹೇಳದವಳು! ಆತ ಕೇಳಿ ಕೇಳಿ ಸಾಕಾಗಿ ಕಣ್ಣು ಮುಚ್ಚಿದ, ಪಾಪ. ಈಕೆ ಬಾಯಿ ಬಿಡಲಿಲ್ಲ.

ಪ್ರತಿ ಬೇಸಿಗೆಯಲ್ಲೂ ಮಗ ಇಲ್ಕ್ಕನ ಮಕ್ಕಳು ತಾಂಪೆರೆ ಪಟ್ಟಣದಿಂದ ಅಜ್ಜಿ ಮನೆಗೆ ಬರುತ್ತಿದ್ದರು. ಹುಡುಗಿ ಹಿಲ್ಲಾ, ಅವಳ ತಮ್ಮ ತೌಕೊ. ಪಟ್ಟಣದಲ್ಲಿ ಹಾಲಿನ ಲೋಟ ಕಂಡರೆ ಮುಖ ತಿರುಗಿಸುವ ಈ ಎರಡು ಪ್ರಾಣಿಗಳು ಇಲ್ಲಿ ಬೆಳಗಾದರೆ ಸಾಕು, "ಮುಮ್ಮೊ, ನೇರಳೆ ಹಾಲು!" ಅಂತ ಮೇಜು ಬಡಿಯುತ್ತಿದ್ದವು. ಲೆಂಪಿ ಮುಂಜಾನೆಯೇ ಕಾಡಿಗೆ ಹೋಗಿ ಮುಸ್ತಿಕ್ಕಾ ತಂದು, ಜಜ್ಜಿ, ಹಾಲು ಬೆರೆಸಿ ಕೊಟ್ಟರೆ ಗಟಗಟ ಕುಡಿದು, ಕನ್ನಡಿ ಮುಂದೆ ನಿಂತು ನೀಲಿ ನಾಲಿಗೆ ಚಾಚಿ ನಗುತ್ತಿದ್ದವು. ಆ ನಗುವಿಗಾಗಿ ಮುದುಕಿ ವರ್ಷವಿಡೀ ಕಾಯುತ್ತಿದ್ದಳು.

ಈ ವರ್ಷ ಮಕ್ಕಳು ಬರುವ ಹೊತ್ತಿಗೆ ಸರಿಯಾಗಿ ಸೌನಾ ಅನ್ನೋ ಹಬೆಸ್ನಾನದ ಮನೆಯ ಮೆಟ್ಟಿಲ ಮೇಲೆ ಜಾರಿ ಲೆಂಪಿ ಕಾಲು ಮುರಿದುಕೊಂಡಳು. ಮೊಣಕಾಲಿನವರೆಗೆ ಪ್ಲಾಸ್ಟರ್. ಇಲ್ಕ್ಕನಿಗೆ ರಜೆ ಸಿಗದೆ ಸೊಸೆ ರೀಕ್ಕಾ ಒಬ್ಬಳೇ ಮಕ್ಕಳನ್ನು ಕರೆದುಕೊಂಡು ಬಂದಳು. ಅತ್ತೆಯ ಕಾಲು ನೋಡಿ, "ನೀವು ಕೂತ್ಕೊಳ್ಳಿ ಮುಮ್ಮೊ, ಹಾಲಿನ ಕೆಲಸ ನಂದು" ಅಂದಳು.

ಅಂಗಡಿಯಿಂದ ದಪ್ಪದಪ್ಪ ಬ್ಲೂಬೆರಿ ತಂದು, ಮಿಕ್ಸರಿಗೆ ಹಾಕಿ ಗರ್ರ್ ಅನ್ನಿಸಿದಳು. ಲೋಟಕ್ಕೆ ಬಂದದ್ದು ಬಿಳಿ ಹಾಲು, ಮೇಲೆ ಒಂದಿಷ್ಟು ಸಿಪ್ಪೆ. ಅಂಗಡಿ ಹಣ್ಣಿನ ಒಳಗೆಲ್ಲ ಬಿಳಿ ತಿರುಳು, ಬಣ್ಣ ಎಲ್ಲಿಂದ ಬರಬೇಕು? ತೌಕೊ ಒಂದು ಗುಟುಕು ಕುಡಿದು ಕನ್ನಡಿ ಮುಂದೆ ನಾಲಿಗೆ ಚಾಚಿದ. ಕೆಂಪಗೇ ಇತ್ತು. ತುಟಿ ನಡುಗಿತು, ಆಮೇಲೆ ಗಂಟಲು ತೆರೆಯಿತು.

"ಇದು ಸುಳ್ಳು ಹಾಲು!" ಅಂತ ಅಳು.

"ಸ್ಟ್ರಾಬೆರಿ ಹಾಕ್ಲಾ ಬಂಗಾರ? ಬಾಳೆಹಣ್ಣು ಹಾಕ್ಲಾ?"

"ಅದೆಲ್ಲ ಮನೇಲೂ ಇದೆ" ಅಂದಳು ಹಿಲ್ಲಾ, ದೊಡ್ಡವಳ ಹಾಗೆ ಕೈಕಟ್ಟಿಕೊಂಡು.

ರೀಕ್ಕಾ ಅತ್ತೆಯತ್ತ ತಿರುಗಿದಳು. "ಮುಮ್ಮೊ, ಎಲ್ಲಿ ಸಿಗುತ್ತೆ ಹೇಳಿ. ಒಂದು ಬುಟ್ಟಿ ಕಿತ್ಕೊಂಡು ಬಂದ್ಬಿಡ್ತೀನಿ."

ಲೆಂಪಿಯ ಕೈ ತಾನಾಗಿಯೇ ಮೇಲೆದ್ದು ಗಾಳಿಯಲ್ಲಿ ಆಡಿತು. "ಅಲ್ಲೇ... ಜೌಗಿನ ಆಚೆ. ಗುಡ್ಡದ ಹಿಂದೆ."

ರೀಕ್ಕಾ ಒಂದು ಕ್ಷಣ ಅತ್ತೆಯ ಮುಖವನ್ನೇ ನೋಡಿದಳು. ಆಮೇಲೆ ಬುಟ್ಟಿ ಎತ್ತಿಕೊಂಡು ಹೋದಳು. ಮಧ್ಯಾಹ್ನ ವಾಪಸ್ ಬಂದಾಗ ಬೂಟಿನ ತುಂಬ ಕೆಸರು, ಕೆನ್ನೆ ಕುತ್ತಿಗೆಯೆಲ್ಲ ಸೊಳ್ಳೆ ಕಚ್ಚಿದ ಗುಳ್ಳೆ, ಬುಟ್ಟಿಯಲ್ಲಿ ಒಂದು ಹಿಡಿ ಹಣ್ಣು. "ಈ ವರ್ಷ ಫಸಲು ಕಮ್ಮಿ ಅನ್ಸುತ್ತೆ" ಅಂತಷ್ಟೇ ಹೇಳಿ ಸೊಳ್ಳೆ ಕಚ್ಚಿದ ಕಡೆ ಕೆರೆದುಕೊಳ್ಳುತ್ತಾ ಕೂತಳು.

ಬೈದಿದ್ದರೆ ಲೆಂಪಿ ತಿರುಗಿ ಬೈಯುತ್ತಿದ್ದಳು, ಅದು ಸುಲಭ. ಈ ಹುಡುಗಿ ಬೈಯಲೂ ಇಲ್ಲ. ಲೆಂಪಿಗೆ ತನ್ನ ಮೇಲೇ ಅಸಹ್ಯವಾಯಿತು. ಆದರೂ ಭಯ ದೊಡ್ಡದಿತ್ತು. ಜಾಗ ಹೇಳಿಬಿಟ್ಟರೆ ತನ್ನ ಹತ್ತಿರ ಇನ್ನೇನು ಉಳಿಯುತ್ತದೆ? ಹಾಲನ್ನು ಅವರೇ ಮಾಡಿಕೊಳ್ಳುತ್ತಾರೆ. ಮೂಲೆಯಲ್ಲಿ ಕೂತ ಮುದುಕಿ ಯಾರಿಗೆ ಬೇಕು? ಅಷ್ಟರಲ್ಲಿ ತೌಕೊ ಬಂದು ಪ್ಲಾಸ್ಟರಿಗೆ ಕೆನ್ನೆ ಆನಿಸಿ, "ಬೇಗ ವಾಸಿ ಮಾಡ್ಕೊ ಮುಮ್ಮೊ, ನಾವು ಭಾನುವಾರ ಹೋಗ್ಬಿಡ್ತೀವಿ" ಅಂದ. ಮುದುಕಿಯ ಹಟ ಅಲ್ಲೇ ಕರಗಿತು.

"ರೀಕ್ಕಾ, ಕೊಟ್ಟಿಗೆಯಲ್ಲಿ ಗೊಬ್ಬರ ಹೊರೋ ಕೈಗಾಡಿ ಇದೆ. ತೊಳಿ, ದಿಂಬು ಹಾಕು."

"ಯಾಕೆ?"

"ನನ್ನ ಮೆರವಣಿಗೆ ಮಾಡೋಕೆ! ಯಾಕಂತೆ ಯಾಕೆ! ನಾನೇ ಬರ್ತೀನಿ ಕಾಡಿಗೆ."

ಮರುದಿನ ಬೆಳಿಗ್ಗೆ ಒಂಟಿಚಕ್ರದ ಗಾಡಿಯಲ್ಲಿ ಲೆಂಪಿ ಪ್ಲಾಸ್ಟರ್ ಕಾಲನ್ನು ತೋಪಿನ ಹಾಗೆ ಮುಂದಕ್ಕೆ ಚಾಚಿ ಕೂತಳು. ಊರ ಅಂಚು ದಾಟುತ್ತಲೇ ಕೈ ಎತ್ತಿದಳು. "ನಿಲ್ಸು. ಟೋಪಿ ಕಣ್ಣಿನ ಮೇಲೆ ಎಳ್ಕೊ."

"ಮುಮ್ಮೊ! ಕಣ್ಣು ಮುಚ್ಕೊಂಡು ಗಾಡಿ ತಳ್ಳೋದಾ?"

"ನಾನು ಕೈ ತೋರಿಸ್ತೀನಿ, ಹಿಲ್ಲಾ ನೋಡಿ ದಾರಿ ಹೇಳ್ತಾಳೆ. ಮಕ್ಕಳಿಗೆ ನಾಳೆ ಮರ್ತುಹೋಗುತ್ತೆ, ನಿಂಗೆ ಮರೆಯಲ್ಲ."

ರೀಕ್ಕಾ ನಗು ನುಂಗಿಕೊಂಡು ಟೋಪಿ ಎಳೆದುಕೊಂಡಳು. "ಎಡಕ್ಕೆ ಅಮ್ಮ! ಅಲ್ಲ ಅಲ್ಲ, ಇನ್ನೊಂದು ಎಡಕ್ಕೆ!" ಅಂತ ಹಿಲ್ಲಾ ಕಿರುಚುವಷ್ಟರಲ್ಲಿ ಚಕ್ರ ಬೇರಿಗೆ ಬಡಿದು, ಗಾಡಿ ವಾಲಿ, ಮುದುಕಿ ದಿಂಬಿನ ಸಮೇತ ಪಾಚಿಯ ಮೇಲೆ ಉರುಳಿದಳು. ಹಾಸಿಗೆಗಿಂತ ಮೆತ್ತಗಿತ್ತು ಪಾಚಿ. ಎಲ್ಲರೂ ಓಡಿ ಬಂದು ಬಗ್ಗಿ ನೋಡಿದರು.

"ಸತ್ತಿಲ್ಲ, ಎತ್ತಿ!" ಅಂದಳು ಲೆಂಪಿ. ಅಷ್ಟೇ ಸಾಕಾಯಿತು. ತೌಕೊ ನಕ್ಕು ನಕ್ಕು ಕೆಳಗೆ ಬಿದ್ದ. ರೀಕ್ಕಾ ಹೊಟ್ಟೆ ಹಿಡಿದುಕೊಂಡಳು. ಲೆಂಪಿಗೂ ತಡೆಯಲಾಗದೆ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು. "ಹಾಳಾಗಿ ಹೋಗ್ಲಿ, ಟೋಪಿ ತೆಗಿ" ಅಂದುಬಿಟ್ಟಳು.

ಪೈನ್ ಮರಗಳ ನಡುವೆ ನಡುಮಧ್ಯಕ್ಕೆ ಸೀಳಿದ ಬಂಡೆ, ಅದರ ಸುತ್ತ ಕಣ್ಣು ಹಾಯಿಸಿದಷ್ಟೂ ಮುಸ್ತಿಕ್ಕಾ. ಗಿಡಗಳು ಹಣ್ಣಿನ ಭಾರಕ್ಕೆ ಬಾಗಿದ್ದವು. ಲೆಂಪಿ ಹೆಮ್ಮೆಯಿಂದ ಸೊಸೆಯ ಮುಖ ನೋಡಲು ತಿರುಗಿದಳು.

ಅಷ್ಟರಲ್ಲಿ ಹಿಲ್ಲಾ ಕೂಗಿದಳು: "ಅಮ್ಮಾ, ಆ ಬಂಡೆ! ನೀವು ಮಲಗೋ ಕೋಣೆಯಲ್ಲಿರೋ ಫೋಟೋದಲ್ಲಿ ಅಪ್ಪ ನಿಂಗೆ ಉಂಗುರ ಕೊಡ್ತಿರೋದು ಇಲ್ಲೇ!"

ರೀಕ್ಕಾಳ ಮುಖ ಕೆಂಪಾಯಿತು.

"ನಿಂಗೆ ಗೊತ್ತಿತ್ತಾ?" ಕೇಳಿದಳು ಲೆಂಪಿ.

"ಇಲ್ಕ್ಕ ಚಿಕ್ಕವನಿದ್ದಾಗ ನಿಮ್ಮ ಹಿಂದೇನೇ ಬಂದು ನೋಡ್ಕೊಂಡಿದ್ನಂತೆ. ಮದುವೆಗೆ ಮುಂಚೆ ನನ್ನನ್ನ ಇಲ್ಲಿಗೆ ಕರ್ಕೊಂಡು ಬಂದ. ಒಂದು ಹಣ್ಣೂ ಮುಟ್ಬೇಡ, ಇದು ಅಮ್ಮನದು ಅಂದ. ಆವತ್ತಿಂದ ನಾವು ಮುಟ್ಟಿಲ್ಲ ಮುಮ್ಮೊ."

"ಮತ್ತೆ ನಿನ್ನೆ ಆ ಜೌಗಿಗೆ ಯಾಕೆ ಹೋದೆ, ದಡ್ಡಿ?"

"ನೀವು ಅಲ್ಲಿಗೆ ಹೋಗು ಅಂದ್ರಲ್ಲ."

ಗೊತ್ತಿದ್ದೂ ಗೊತ್ತಿದ್ದೂ ಸೊಳ್ಳೆಗೆ ಮೈ ಕೊಟ್ಟು ಬಂದಿದ್ದಾಳೆ! ಯಾರೂ ಕದಿಯದ ಹಾಗೆ ಜಾಗವನ್ನು ಇಷ್ಟು ವರ್ಷ ತಾನೇ ಕಾದೆ ಅಂದುಕೊಂಡಿದ್ದಳು, ನಿಜವಾಗಿ ಕಾದವರು ಇವರು. ಲೆಂಪಿ ಕೈಚಾಚಿ ಸೊಸೆಯ ಕೆನ್ನೆಯ ಗುಳ್ಳೆಗಳನ್ನು ಸವರಿದಳು. "ಕೆರ್ಕೋಬೇಡ, ಗಾಯ ಆಗುತ್ತೆ" ಅಂದಳು.

ಮನೆಗೆ ಬಂದ ಮೇಲೆ ಮಿಕ್ಸರನ್ನು ಮೂಲೆಗೆ ತಳ್ಳಿ ಅಡುಗೆಮನೆಯ ಯಜಮಾನಿಕೆ ವಹಿಸಿಕೊಂಡಳು. ಹಿಲ್ಲಾ ಮರದ ಸೌಟಿನಿಂದ ಹಣ್ಣು ಜಜ್ಜಿದಳು. ಒಂದು ಚಮಚ ಜೇನು, ಚಿಟಿಕೆ ಉಪ್ಪು. "ಹಾಲು ಒಮ್ಮೆಲೇ ಸುರೀಬೇಡ, ಒಡೆದುಹೋಗುತ್ತೆ. ತಣ್ಣಗಿರೋದನ್ನೇ ಸ್ವಲ್ಪ ಸ್ವಲ್ಪ ಬಿಡು" ಅಂತ ರೀಕ್ಕಾಳಿಗೆ ಗದರುತ್ತಾ, ಪೈನ್ ಕಡ್ಡಿಯ ಕಡಗೋಲನ್ನು ತಾನೇ ಅಂಗೈಗಳ ನಡುವೆ ತಿರುಗಿಸಿದಳು. ಬಿಳಿ ಹಾಲು ಗುಲಾಬಿಯಾಗಿ, ಗುಲಾಬಿ ನೇರಳೆಯಾಗಿ ನೊರೆಯೆದ್ದಿತು. ಮಕ್ಕಳು ಲೋಟ ಎತ್ತಿದ್ದೇ ಗೊತ್ತು, ಇಳಿಸುವಾಗ ಖಾಲಿ.

"ತಾಂಪೆರೆಯಲ್ಲಿ ಸಂತೆಯಿಂದ ಮುಸ್ತಿಕ್ಕಾ ತಂದು ನಾನೂ ಮಾಡ್ದೆ. ಒಂದು ಗುಟುಕೂ ಕುಡೀಲಿಲ್ಲ ಇವು" ಅಂದಳು ರೀಕ್ಕಾ.

"ಮಿಕ್ಸರಲ್ಲಿ ಮಾಡಿರ್ತೀಯ" ಅಂತ ಲೆಂಪಿ ಮೂಗು ಮುರಿದಳು. ಒಳಗೊಳಗೇ ಜೀವ ಹಗುರಾಗಿ, ಉಳಿದ ಹಾಲನ್ನೆಲ್ಲ ಸೊಸೆಯ ಲೋಟಕ್ಕೆ ಬಗ್ಗಿಸಿದಳು. "ಕುಡಿ. ನಾಳೆ ಬೆಳಿಗ್ಗೆ ಬುಟ್ಟಿ ತಗೊಂಡು ನೀನೇ ಹೋಗು."

ರೀಕ್ಕಾ ಲೋಟ ಕೈಯಲ್ಲಿ ಹಿಡಿದು ಅತ್ತೆಯನ್ನು ನೋಡಿದಳು. "ಎಲ್ಲಿಗೆ ಮುಮ್ಮೊ? ನಂಗೆ ದಾರಿ ಗೊತ್ತಿಲ್ಲ."

ಲೆಂಪಿ ಅವಳನ್ನು ದಿಟ್ಟಿಸಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಜೀವಮಾನದಲ್ಲಿ ಮೊದಲ ಸಲ ಬಾಯಿಬಿಟ್ಟಳು: "ಹಳೇ ಗರಗಸದ ಮಿಲ್ ಇದೆಯಲ್ಲ, ಅದನ್ನ ದಾಟಿ ಎಡಕ್ಕೆ ತಿರುಗು. ಜೋಡಿ ಬರ್ಚ್ ಮರ ಸಿಗುತ್ತೆ. ಸರಿಯಾಗಿ ಕೇಳಿಸ್ಕೊ ಮಗಳೇ, ಅಲ್ಲಿಂದ ಮುಂದೆ ಕಾಲುದಾರಿ ಇಲ್ಲ..."