ಆಮೇಲೆ ಎಲ್ಲ ಮಾಮೂಲಿ

ಹೆಂಡತಿ ಪರದೇಶದಿಂದ ವಾಪಸಾದ ಮೇಲೆ ಕನ್ನಡಕದ ಅಂಗಡಿಯವನಿಗೆ ಮೊದಲು ಕಣ್ಣಿಗೆ ಬಿದ್ದದ್ದು ದಿಂಬು. ಮದುವೆಯಾದಾಗಿನಿಂದ ಕಿಟಕಿ ಕಡೆ ಮಲಗುತ್ತಿದ್ದವಳು, ಬಂದ ದಿನವೇ ತನ್ನ ದಿಂಬನ್ನು ಗೋಡೆ ಕಡೆಗೆ ಹಾಕಿಕೊಂಡಳು. ಕೇಳಿದ್ದಕ್ಕೆ, ಅಲ್ಲಿ ಹಾಗೇ ಅಭ್ಯಾಸವಾಗಿಬಿಟ್ಟಿದೆ ಎಂದಳು. ಒಬ್ಬಳೇ ಮಲಗುವ ಕೋಣೆಯಲ್ಲಿ ಈ ಕಡೆ ಆ ಕಡೆ ಎಂಬ ಅಭ್ಯಾಸ ಹೇಗೆ ಬಂತು? ಪ್ರಶ್ನೆ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

ಅವಳಿದ್ದದ್ದು ಮಗ್ಗದ ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ. ಯಂತ್ರ ಕೊಂಡವರ ಗಿರಣಿಗೆ ಹೋಗಿ, ಅದನ್ನು ನಡೆಸುವುದನ್ನು ಅಲ್ಲಿನವರಿಗೆ ಕಲಿಸಿ ಬರುವುದು ಅವಳ ಕೆಲಸ. ಹಾಗಾಗಿ ಕಾರ್ಖಾನೆಯವರಿಗೆಲ್ಲ ಅವಳು ‘ಟೀಚರ್’. ಪರದೇಶದ ಹೊಸ ಗಿರಣಿಯೊಂದು ಶೆಡ್ಡು ತುಂಬುವಷ್ಟು ಯಂತ್ರ ಕೊಂಡಾಗ, ಕಲಿಸಲು ಅವಳನ್ನೂ ಜೋಡಿಸಲು ಒಬ್ಬ ಫಿಟ್ಟರನ್ನೂ ಕಳಿಸಿದರು. ಆರು ತಿಂಗಳೆಂದದ್ದು ಎಳೆದೂ ಎಳೆದೂ ಒಂದೂವರೆ ವರ್ಷವಾಯಿತು. ಗಂಡ ಮೊದಲೇ ಬೇಡ ಎಂದಿದ್ದ. ಅವಳು ಹೋಗಿಯೇ ತೀರುತ್ತೇನೆಂದಾಗ ಸರಿ ಎಂದಿದ್ದನಾದರೂ, ಆ ‘ಸರಿ’ ಎಂಥದೆಂದು ಇಬ್ಬರಿಗೂ ಗೊತ್ತಿತ್ತು.

ಬಂದ ಮೇಲೆ ತಿಂಗಳುಗಟ್ಟಲೆ ಮನೆಯಲ್ಲಿ ಜನವೋ ಜನ. ನೆಂಟರು, ಪಕ್ಕದ ಮನೆಯವರು, ಅಂಗಡಿಗೆ ಕನ್ನಡಕ ರಿಪೇರಿಗೆ ಬರುತ್ತಿದ್ದವರು ಕೂಡ ಮನೆಗೆ ಬಂದು, ಹೇಗಿತ್ತು ಆ ದೇಶ ಎಂದು ಕೇಳುವವರೇ. ಅವಳು ಹೇಳುವುದರಲ್ಲಿ ನಿಸ್ಸೀಮಳು. ಅವಳ ಸೂಟ್‌ಕೇಸು ಅವಳನ್ನು ಬಿಟ್ಟು ಇನ್ಯಾವುದೋ ದೇಶ ಸುತ್ತಿ ಬಂದದ್ದು, ಅಲ್ಲಿಯವರೆಗೆ ತಾನು ಬಾಡಿಗೆಗಿದ್ದ ಮನೆಯೊಡತಿಯ ಗಂಡನ ಪ್ಯಾಂಟು ತೊಟ್ಟು ಗಿರಣಿಗೆ ಹೋದದ್ದು. ಮನೆಯೊಡತಿ ತನ್ನ ಭಾಷೆಯಲ್ಲಿ, ಇವಳು ಕನ್ನಡದಲ್ಲಿ ಗಂಟೆಗಟ್ಟಲೆ ಜಗಳವಾಡಿ ಕೊನೆಗೆ ಇಬ್ಬರೂ ನಕ್ಕದ್ದು. ಜ್ವರ ಬಂದು ಮಲಗಿದಾಗ ಯಾರಾದರೂ ಕನ್ನಡದಲ್ಲಿ ಬೈದರೂ ಸಾಕೆನಿಸಿ ಅತ್ತದ್ದು. ಮೊದಲ ಥಾನು ಯಂತ್ರದಿಂದ ಇಳಿದ ದಿನ ಅಲ್ಲಿನ ಹೆಂಗಸರು ಆ ಬಟ್ಟೆಯನ್ನೇ ಅವಳಿಗೆ ಸುತ್ತಿ ಸ್ಟೂಲಿನ ಮೇಲೆ ನಿಲ್ಲಿಸಿ ಕುಣಿದದ್ದನ್ನು ಹೇಳುವಾಗ ಅವಳ ಮುಖ ನೋಡುವಂತಿರುತ್ತಿತ್ತು.

ಗಂಡನೂ ಬಾಗಿಲಿಗೆ ಒರಗಿ ಕೇಳುತ್ತಿದ್ದ. ನಾಲ್ಕನೆಯ ಸಲವೋ ಐದನೆಯ ಸಲವೋ ಕೇಳುವಾಗ ಅವನಿಗೆ ಒಂದು ಸಂಗತಿ ಹೊಳೆಯಿತು. ಕಥೆ ಯಾವಾಗಲೂ ಚಳಿಗಾಲದವರೆಗೆ ಚೆನ್ನಾಗಿ ಓಡುತ್ತಿತ್ತು. ಹಿಮ ಕರಗಿತು ಎನ್ನುವಲ್ಲಿಗೆ ಬಂದರೆ, “ಆಮೇಲೆ ಎಲ್ಲ ಮಾಮೂಲಿ” ಎಂದು ಒಂದೇ ಮಾತಿನಲ್ಲಿ ಮುಗಿಸಿ, ಹೊರಡುವ ದಿನದ ಕಥೆಗೆ ಹಾರಿಬಿಡುತ್ತಿದ್ದಳು. ನಡುವಿನ ನಾಲ್ಕೈದು ತಿಂಗಳು ಎಲ್ಲಿ ಹೋದವು? ಆ ದಿನಗಳಲ್ಲೇ ಅವಳ ಫೋನು ವಾರಗಟ್ಟಲೆ ಬಂದಿರಲಿಲ್ಲ. ಆಮೇಲೆ ಬಂದಾಗಲೂ ಲೈನು ಸರಿಯಿಲ್ಲ ಎಂದು ಬೇಗ ಇಟ್ಟುಬಿಡುತ್ತಿದ್ದಳು. ಇವನಿಗೆ ಇಲ್ಲಿ ಲೈನು ಚೆನ್ನಾಗಿಯೇ ಇತ್ತು.

ಅಲ್ಲಿಂದ ಮುಂದೆ ಅವನು ನೋಡಿದ್ದೆಲ್ಲವೂ ಅದೇ ಬಣ್ಣದಲ್ಲಿ ಕಂಡಿತು. ರಾತ್ರಿ ಅವಳು ಅವನ ಕಡೆ ಹೊರಳಿ ಕಣ್ಣು ಮುಚ್ಚಿರುತ್ತಿದ್ದಳು. ಮೆಲ್ಲಗೆ ಕರೆದರೆ ಓಗೊಡುತ್ತಿರಲಿಲ್ಲ. ನಿದ್ದೆಯ ಉಸಿರಲ್ಲ ಅದು ಎಂದು ಅವನಿಗೆ ಅನಿಸುತ್ತಿತ್ತು. ಸ್ಕೂಟರಿನಲ್ಲಿ ಹಿಂದೆ ಕೂತು ಲೊಡಲೊಡ ಮಾತಾಡುತ್ತಿದ್ದವಳು ಈಗ ಬಾಯಿ ಬಿಡುತ್ತಿರಲಿಲ್ಲ. ಊಟಕ್ಕೆ ಕೂತಾಗ ಇವನು ಏನಾದರೂ ಹೇಳಿದರೆ ಒಮ್ಮೊಮ್ಮೆ ಉತ್ತರ, ಒಮ್ಮೊಮ್ಮೆ ಇವನೆಂಬುವನೇ ಅಲ್ಲಿಲ್ಲದ ಹಾಗೆ ಸುಮ್ಮನೆ ತಟ್ಟೆ ನೋಡುವುದು.

ಒಂದು ಸಂಜೆ ಅಂಗಡಿಯ ಗಾಜು ಒರೆಸುತ್ತಿದ್ದಾಗ, ಎದುರು ರಸ್ತೆಯಲ್ಲಿ ಅವಳು ಕೆಲಸ ಮುಗಿಸಿ ಬರುವುದು ಕಂಡಿತು. ಪಕ್ಕದಲ್ಲಿ ಫಿಟ್ಟರು. ನಲವತ್ತರ ಆಸುಪಾಸಿನ, ಮದುವೆಯಾಗದ, ನೆಲ ನೋಡಿಕೊಂಡು ನಡೆಯುವ ಸಣಕಲು ಮನುಷ್ಯ. ತಿರುವಿನಲ್ಲಿ ಒಂದು ಲಾರಿ ಎಡಗಡೆಯಿಂದ ನುಗ್ಗಿತು. ಫಿಟ್ಟರು ಅವಳ ಮೊಣಕೈ ಹಿಡಿದು ನಿಲ್ಲಿಸಿದ. ಅದೇನೋ ಸರಿ, ಯಾರಾದರೂ ಹಿಡಿಯುತ್ತಾರೆ. ಆದರೆ ಲಾರಿ ಹೋದ ಮೇಲೂ ರಸ್ತೆ ದಾಟುವವರೆಗೆ ಆ ಕೈ ಅಲ್ಲೇ ಇತ್ತು. ಅವಳು ಕೊಡವಲಿಲ್ಲ. ದಿನಾ ನಡೆಯುವ ಕೆಲಸವೆಂಬಂತೆ ಇಬ್ಬರೂ ದಾಟಿ ಬಂದರು.

ಮನೆಯ ಹಿಂದಿನ ಭಾಗದಲ್ಲಿ ವಾಸವಿದ್ದ ಅವನ ಅಕ್ಕನೂ ಅದನ್ನು ಒಂದೆರಡು ಸಲ ನೋಡಿದ್ದಳಂತೆ. ಅವಳು ಯಾವುದನ್ನೂ ನೇರವಾಗಿ ಹೇಳುವ ಪೈಕಿಯಲ್ಲ. ಕಾಫಿ ಲೋಟ ಕೊಡುತ್ತ, “ಅಷ್ಟು ದಿನ ದೂರ ಇದ್ದು ಬಂದವಳು. ಏನಾದ್ರೂ ಇದ್ರೆ ಬಾಯಿ ಬಿಟ್ಟು ಕೇಳ್ಬಿಡು. ಒಳಗೊಳಗೇ ಇಟ್ಕೋಬೇಡ,” ಎಂದಳು. ಏನಾದರೂ ಎಂದರೆ ಏನು ಎಂದು ಅವನು ಕೇಳಲಿಲ್ಲ. ಅವಳೂ ಬಿಡಿಸಿ ಹೇಳಲಿಲ್ಲ. ಅಷ್ಟಕ್ಕೇ ಅವನ ಕಾಫಿ ಕಹಿಯಾಯಿತು.

ಬಾಯಿ ಬಿಟ್ಟು ಕೇಳುವ ಬದಲು ಅವನು ಬೇರೊಂದು ಉಪಾಯ ಹೂಡಿದ. ಪರದೇಶದಲ್ಲಿ ಹೆಂಡತಿಗೆ ನೆರವಾದ ಮನುಷ್ಯನನ್ನು ಒಂದು ದಿನವಾದರೂ ಊಟಕ್ಕೆ ಕರೆಯದಿದ್ದರೆ ಹೇಗೆ ಎಂದ. ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಅದೇ ಪ್ರವಾಸದ ಕಥೆಯನ್ನು ಇಬ್ಬರ ಬಾಯಲ್ಲೂ ಕೇಳಿದರೆ ಎಲ್ಲಿ ತಾಳ ತಪ್ಪುತ್ತದೆಂದು ಗೊತ್ತಾಗುತ್ತದೆ ಎಂಬುದು ಅವನ ಲೆಕ್ಕಾಚಾರ. ಹೆಂಡತಿ ಅವನ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡಿ, ಆಗಲಿ ಎಂದಳು.

ಭಾನುವಾರ ಮಧ್ಯಾಹ್ನ ಫಿಟ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಣ್ಣಿನ ಚೀಲ ಹಿಡಿದು ಬಂದ. ಅವಳು ಅಡುಗೆಮನೆಯಲ್ಲಿದ್ದಾಗ ಗಂಡ ಮಾತಿಗೆಳೆದ. ಅಲ್ಲಿ ನಿಮಗೆ ತುಂಬ ಖುಷಿಯಾದ ದಿನ ಯಾವುದು ಎಂದದ್ದಕ್ಕೆ, ಟೀಚರಿಗೆ ಥಾನು ಸುತ್ತಿ ಕುಣಿದ ದಿನ ಎಂದ ಫಿಟ್ಟರು, ತಾನೂ ಕುಣಿದೆನೆಂದು ನಾಚಿಕೊಂಡ. ಕುಣಿದದ್ದನ್ನು ಅವಳು ಹೇಳಿರಲಿಲ್ಲ. ಗಂಡ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡು, ಹಾಗಾದರೆ ತುಂಬ ಕೆಟ್ಟ ದಿನ ಯಾವುದು ಎಂದು ಕೇಳಿದ.

ಫಿಟ್ಟರನ ಕೈಯಲ್ಲಿದ್ದ ನೀರಿನ ಲೋಟ ಅರ್ಧದಲ್ಲೇ ನಿಂತಿತು. “ಅದನ್ನ ಟೀಚರೇ ಹೇಳ್ಬೇಕು ಸರ್.”

ಅಷ್ಟು ಸಾಕಾಯಿತು ಗಂಡನಿಗೆ. ಅವಳು ಪಾತ್ರೆ ತಂದು ಮೇಜಿಗಿಟ್ಟಳು. ಫಿಟ್ಟರು ಕೂತಿದ್ದ ಕುರ್ಚಿಯಿಂದೆದ್ದು ಅವಳ ಬಲಗಡೆ ಹೋಗಿ ಕೂತ. ಯಾರೂ ಹೇಳಿರಲಿಲ್ಲ, ತಾನಾಗಿ. ಗಂಡ ಅವಳ ಎಡಕ್ಕೆ ಕೂತ. ಒಂದೆರಡು ತುತ್ತು ಹೋಯಿತು. ಇನ್ನು ತಡೆಯಲಾಗದೆ, ಅಕ್ಕನ ಕಿವಿಗೆ ಬೀಳದಷ್ಟು ತಗ್ಗಿದ ದನಿಯಲ್ಲಿ, ತಟ್ಟೆ ನೋಡಿಕೊಂಡೇ ಕೇಳಿದ:

“ಅಲ್ಲಿ ನಿಮ್ಮಿಬ್ಬರ ಮಧ್ಯೆ ಏನು ನಡೀತು?”

ಅವಳು ಸೌಟು ಎತ್ತಿ, ನಗುಮುಖದಲ್ಲೇ ಫಿಟ್ಟರಿಗೆ ಇನ್ನೊಂದಿಷ್ಟು ಅನ್ನ ಹಾಕಲೇ ಎಂದು ವಿಚಾರಿಸಿದಳು. ರೆಪ್ಪೆ ಕೂಡ ಅಲುಗಲಿಲ್ಲ. ಇಂಥ ಮಾತಿಗೆ ಇಷ್ಟು ತಣ್ಣಗಿರುವುದನ್ನು ಎಲ್ಲಿ ಕಲಿತಳು ಎಂದು ಗಂಡನಿಗೆ ಮೈ ಜುಂ ಎಂದಿತು. ಆದರೆ ಫಿಟ್ಟರನ ಮುಖ ಬಿಳಚಿಕೊಂಡಿತ್ತು. ಅವನು ತಟ್ಟೆಯಿಂದ ಕೈ ತೆಗೆದ.

“ಅವರಿಗೆ ಕೇಳಿಸಿಲ್ಲ ಸರ್,” ಎಂದ. “ಆ ಕಡೆಯಿಂದ ಅವರಿಗೆ ಏನೂ ಕೇಳಿಸಲ್ಲ.”

ಅವಳು ಇಬ್ಬರ ಮುಖವನ್ನೂ ಸರದಿಯಂತೆ ನೋಡಿ, ಸೌಟನ್ನು ಪಾತ್ರೆಗೆ ಹಾಕಿದಳು.

ಆಮೇಲಿನದನ್ನು ಫಿಟ್ಟರೇ ಹೇಳಿದ. ಹಿಮ ಕರಗಿದ ಹೊಸತು. ಯಂತ್ರಗಳಿಗೆ ಒತ್ತಡದ ಗಾಳಿ ಹೋಗುವ ಪೈಪನ್ನು ಅವನು ಜೋಡಿಸಿದ್ದ. ಒಂದು ಕ್ಲ್ಯಾಂಪನ್ನು ಬಿಗಿ ಮಾಡಿದೆನೆಂದುಕೊಂಡು ಮರೆತಿದ್ದ. ಅವಳು ಕಡಿದುಹೋದ ನೂಲು ಜೋಡಿಸಲು ಬಗ್ಗಿದ್ದಾಗ ಆ ಪೈಪು ಅವಳ ಎಡಗಿವಿಯ ಪಕ್ಕದಲ್ಲೇ ಸಿಡಿಯಿತು. ಗಾಯ ಇಲ್ಲ, ರಕ್ತ ಇಲ್ಲ. ಕಿವಿಯಲ್ಲಿ ವಾರಗಟ್ಟಲೆ ಗುಂಯ್ ಎಂದದ್ದು ನಿಂತಾಗ, ಅದರ ಜೊತೆಗೆ ಕೇಳಿಸುವುದೂ ನಿಂತಿತ್ತು. ಅವನು ಆಫೀಸಿಗೆ ತಿಳಿಸುತ್ತೇನೆಂದ. ಅವನ ಕೆಲಸ ಹೋಗುತ್ತದೆ, ಬೇಡವೆಂದು ಅವಳು ಬಾಯಿ ಮುಚ್ಚಿಸಿದಳು. ಇಷ್ಟು ಹೇಳಿ ಅವನು ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದ. ಚಪ್ಪಲಿ ಮೆಟ್ಟುವಾಗ ಗಂಡನ ಕಡೆ ನೋಡಲಿಲ್ಲ.

ಅವನು ಹೋದ ಮೇಲೆ ಅವಳು ಕೇಳಿದಳು. “ನೀವು ಏನಂದ್ರಿ?”

ಅನ್ನ ಚೆನ್ನಾಗಿದೆ ಅಂದೆ ಎಂದುಬಿಡಬಹುದಿತ್ತು. ಆದರೆ ಫಿಟ್ಟರನ ಮುಖವನ್ನು ಅವಳು ನೋಡಿದ್ದಳು. ಗಂಡ ಎದ್ದು ಅವಳ ಬಲಗಡೆಗೆ ಹೋಗಿ, ಕೇಳಿದ್ದನ್ನು ಹಾಗೇ ಹೇಳಿದ. ಹೇಳುವಾಗ ಮಾತು ಮೊದಲಿಗಿಂತ ಕೆಟ್ಟದಾಗಿತ್ತು.

ಅವಳು ಬಹಳ ಹೊತ್ತು ಮೇಜು ಒರೆಸಿದಳು.

“ನಾನು ಯಾವ ಕಡೆ ಮಲಗ್ತೀನಿ, ಯಾರ ಜೊತೆ ನಡೀತೀನಿ, ಎಲ್ಲ ನೋಡ್ತಾ ಇದ್ರಿ. ನಿಂಗೇನಾಗಿದೆ ಅಂತ ಒಂದು ಮಾತು ಕೇಳ್ಲಿಲ್ಲ.”

“ನೀನೇ ಹೇಳ್ಬಹುದಿತ್ತಲ್ಲ.”

“ಹೇಳಿದ್ರೆ ಏನಂತಿದ್ರಿ? ಬೇಡ ಅಂದಿದ್ದೆ, ನನ್ನ ಮಾತು ಕೇಳಿದ್ಯಾ, ಅಂತಿದ್ರಿ.”

ಆ ಮಾತು ಈಗಲೂ ಅವನ ಬಾಯೊಳಗೆ ಸಿದ್ಧವಾಗಿತ್ತು. ಅದನ್ನು ನುಂಗಿದರೂ ಇನ್ನೊಂದು ಉಳಿದಿತ್ತು. ಇಷ್ಟೂ ತಿಂಗಳು ಅವಳು ಒಬ್ಬ ಗಂಡಸಿನ ಕೆಲಸ ಉಳಿಸಲು ಮನೆಯವರೆಲ್ಲರಿಂದ ಮುಚ್ಚಿಟ್ಟಿದ್ದಳು. ಕಿವಿ ಹೋದದ್ದಕ್ಕೆ ಅವನಿಗೆ ನಿಜವಾಗಿಯೂ ಸಂಕಟವಾಯಿತು. ಆದರೆ ಆ ಸಂಕಟದೊಳಗೇ ಈ ಮುಳ್ಳೂ ಇತ್ತು. ತನ್ನ ಬಗ್ಗೆ ತನಗೇ ಹೇಸಿಗೆಯಾದರೂ ಅದು ಹೋಗಲಿಲ್ಲ.

ಆ ವಾರವೇ ಅವಳನ್ನು ಕಿವಿಯ ಡಾಕ್ಟರ ಬಳಿ ಕರೆದುಕೊಂಡು ಹೋದ. ಆದ ಕೂಡಲೇ ತೋರಿಸಿದ್ದರೆ ಏನಾದರೂ ಮಾಡಬಹುದಿತ್ತೇನೋ, ಈಗ ಉಳಿದ ಕಿವಿಯನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅವಳು ಆ ತಿಂಗಳುಗಳ ಕಥೆಯನ್ನು ತಾನಾಗಿ ಶುರು ಮಾಡಿದಳು. ಶೆಡ್ಡಿನಲ್ಲಿ ಯಾರು ಯಾವ ಕಡೆಯಿಂದ ಕರೆಯುತ್ತಾರೆಂದು ತಿಳಿಯದೆ ಗರಗರ ತಿರುಗುತ್ತಿದ್ದದ್ದು, ಕಲಿಯುವ ಹೆಂಗಸರು ಟೀಚರಿಗೆ ಜಂಬ ಬಂದಿದೆ ಎಂದು ಮುನಿಸಿಕೊಂಡದ್ದು, ಗಂಡನ ದನಿ ಫೋನಿನಲ್ಲಿ ಕೇಳುತ್ತಲೇ ಎಲ್ಲಿ ಅತ್ತುಬಿಡುತ್ತೇನೋ ಎಂದು ಲೈನು ಸರಿಯಿಲ್ಲವೆಂದದ್ದು. ಅವಳು ಈ ಭಾಗವನ್ನು ಅಷ್ಟು ಚೆನ್ನಾಗಿ ಹೇಳಲಿಲ್ಲ. ತಡವರಿಸಿದಳು, ಹಿಂದು ಮುಂದು ಮಾಡಿದಳು. ಅವನು ನಡುವೆ ಬಾಯಿ ಹಾಕದೆ ಕೇಳಿದ.

ಫಿಟ್ಟರು ತಾನೇ ಮ್ಯಾನೇಜರ ಬಳಿ ಹೋಗಿ ಕ್ಲ್ಯಾಂಪಿನ ವಿಷಯ ಹೇಳಿಕೊಂಡ. ಕೆಲಸದಿಂದ ತೆಗೆಯಲಿಲ್ಲ, ಪರದೇಶಕ್ಕೆ ಕಳಿಸುವುದನ್ನು ನಿಲ್ಲಿಸಿದರು. ಅವಳನ್ನು ಸದ್ದಿಲ್ಲದ ಬಟ್ಟೆ ಪರೀಕ್ಷೆಯ ವಿಭಾಗಕ್ಕೆ ಹಾಕುತ್ತೇವೆಂದಾಗ ಅವಳು ಒಪ್ಪಲಿಲ್ಲ. ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು ಕಲಿಸುವ ಕೆಲಸದಲ್ಲೇ ಉಳಿದಳು.

ವರ್ಷ ಕಳೆದ ಮೇಲೆ ಇನ್ನೊಂದು ದೇಶದ ಗಿರಣಿಯಿಂದ ಕರೆ ಬಂತು. ಅವಳು ಸಂಜೆ ಅಂಗಡಿಗೇ ಬಂದು, ಹೋಗಬೇಕೆಂದಿದ್ದೇನೆ, ನೀವೇನಂತೀರಿ ಎಂದಳು. ಹೋಗಿ ಬಾ ಎಂದ ಅವನು. ಈ ಸಲ ಮನಸ್ಸಿನಿಂದಲೇ ಅಂದ. ಆಮೇಲೆ ಕನ್ನಡಕವೊಂದರ ಸ್ಕ್ರೂ ತಿರುವುತ್ತ, ಜೊತೆಗೆ ಯಾರು ಬರುತ್ತಾರೆ ಎಂದು ಕೇಳಿದ.

“ಎಲೆಕ್ಟ್ರಿಷಿಯನ್ನು. ಹೆಂಗಸು. ಮೊಮ್ಮಕ್ಕಳಿದ್ದಾರೆ ಅವರಿಗೆ.”

ಅವನ ಮುಖದಲ್ಲಿ ಹಾಯಾದದ್ದು ಕಾಣಿಸಿತು. ಅದನ್ನು ಮರೆಮಾಚುವಷ್ಟು ಬೇಗ ತಲೆ ತಗ್ಗಿಸಲು ಅವನಿಗೆ ಆಗಲಿಲ್ಲ. ಅವಳು ಅದನ್ನು ನೋಡಿ, ಚೀಲ ಹೆಗಲಿಗೆ ಹಾಕಿಕೊಂಡು ಮನೆ ಕಡೆ ಹೊರಟಳು. ಅವನು ಬೇಗ ಬೇಗ ಅಂಗಡಿ ಬಾಗಿಲೆಳೆದು ಅವಳ ಹಿಂದೆ ಓಡಿದ.