ಚಾದರದ ಕೆಳಗಿನ ವ್ಯವಹಾರ

ನಾಟಕಕಾರ ಸಿದರಾಯರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು. ಎಡಗೈ ಮಾತ್ರ ಆಡುತ್ತಿತ್ತು. ತಲೆಯೊಳಗೆ ಎಷ್ಟು ಉಳಿದಿದೆಯೆಂದು ಡಾಕ್ಟರರು ಹೇಳಲಾರದಾಗಿದ್ದರು. ಹೆಂಡತಿ ಉಜ್ವಲಾಗೆ ತಿಳಿಯಬೇಕಾಗಿದ್ದುದು ಅದೊಂದೇ. ಈ ದೇಹದೊಳಗೆ ಗಂಡ ಇದ್ದಾರೋ ಇಲ್ಲವೋ?

"ಸರ್ ಮೊದಲ ಕಲ್ತ ಭಾಷಾದಿಂದ ಸುರು ಮಾಡ್ರಿ, ಬಾಯೇರ" ಎಂದು ಮಾತಿನ ಚಿಕಿತ್ಸೆ ಕೊಡಲು ಬರುತ್ತಿದ್ದ ಸಾಯಿರಾ ಹೇಳಿದ್ದಳು. "ಎಲ್ಲಾ ಹ್ವಾದ್ರೂ ಮೊದಲಿಂದು ಒಮ್ಮೊಮ್ಮೆ ಉಳದಿರತೈತಿ."

ಮೊದಲಿನದು ಅವರ ಹುಟ್ಟೂರು ಜುಗೂಳದ ಶಾಲೆಯ ಕನ್ನಡ. ಅಥಣಿಯ ಮನೆಯಲ್ಲಿ ಕುಳಿತು ಉಜ್ವಲಾ ಮಗ್ಗಿ ಹೇಳಿದಳು, ಬಾಲಪದ್ಯ ಹೇಳಿದಳು. ಸಿದರಾಯರು ತೊಲೆಯನ್ನೇ ನೋಡುತ್ತಿದ್ದರು. ಆಮೇಲೆ ನಿಪ್ಪಾಣಿಯ ಹೈಸ್ಕೂಲಿನ ಮರಾಠಿ. ಅದು ಅವಳ ತವರಿನ ಮಾತು. ಮದುವೆಗೆ ಮುಂಚೆ ಅವರು ಅವಳೊಡನೆ ಆಡಿದ್ದೆಲ್ಲ ಅದರಲ್ಲೇ. ಅದೂ ತಾಕಲಿಲ್ಲ. ಕಾಲೇಜಿನಲ್ಲಿ ಕಲಿತ ಇಂಗ್ಲಿಷನ್ನು ಅವರು ಸಿಟ್ಟಿಗೆ ಮಾತ್ರ ಇಟ್ಟುಕೊಂಡಿದ್ದರು, ಹಾಗಾಗಿ ಅವಳು ಇಂಗ್ಲಿಷಿನಲ್ಲಿ ಬೈದೂ ನೋಡಿದಳು. ಸುಮ್ಮನಿದ್ದರು.

ಆದರೆ ಅವಳು ಹತ್ತಿರ ಕುಳಿತಾಗಲೆಲ್ಲ ಎಡಗೈ ಅವಳ ಕೈಯನ್ನು ಚಾದರದ ಕೆಳಗೆ ಎಳೆದುಕೊಳ್ಳುತ್ತಿತ್ತು. ಬೆರಳುಗಳನ್ನು ಹಿಡಿದು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಬೇರೆ ಬೆರಳು. ನೀರೇ? ನೋವೇ? ಪ್ರೀತಿಯೇ? ಅವಳು ಯಾವುದನ್ನು ಊಹಿಸಿ ಹೂಂ ಅಂದರೂ ಕೈ ಸಿಟ್ಟಿನಿಂದ ತಳ್ಳುತ್ತಿತ್ತು. ಈಗೀಗ ಅವಳು ಒಂದಿಷ್ಟು ದೂರವೇ ಕುಳಿತುಕೊಳ್ಳುತ್ತಿದ್ದಳು.

ಜುಗೂಳದಿಂದ ಮೈದುನ ಕಾಮಣ್ಣ ಬದನೆಕಾಯಿ ಹೊತ್ತು ಬಂದ. "ಏನಪಾ ಅಣ್ಣಾ, ಮಂದಿಗೆಲ್ಲಾ ಮಾತ ಬರದ ಕೊಟ್ಟು ನೀ ಒಬ್ಬನ ಸುಮ್ಮ ಮಲಗಿದೇನ?" ಎನ್ನುತ್ತ ಹಾಸಿಗೆಯ ಅಂಚಿಗೆ ಕುಳಿತ. ಸಿದರಾಯರ ಕೈ ಅವನ ಕೈಯನ್ನೂ ಒಳಗೆಳೆಯಿತು.

ಕಾಮಣ್ಣ ತುಸು ಹೊತ್ತು ಬಾಗಿಲ ಕಡೆ ನೋಡುತ್ತ ಕುಳಿತ. "ಭಾಳ ಆತೋ ಮಾರಾಯಾ" ಎಂದ ಮೆಲ್ಲಗೆ. "ಇಳಸು."

"ಏನು ಭಾಳ ಆತು?" ಉಜ್ವಲಾ ಎದ್ದು ನಿಂತಳು.

"ದರಾ ರೀ, ವೈನಿ. ನಮ್ಮಪ್ಪ ದನದ ದಲಾಲ ಇದ್ದನಲ್ಲ, ರಾಯಬಾಗದ ಸಂತ್ಯಾಗ ಟವೆಲ್ ಕೆಳಗ ಬೆರಳ ಹಿಡದ ವ್ಯಾಪಾರ ಮುಗಸ್ತಿದ್ದ. ಹಿಡದ ಬೆರಳ ಎಷ್ಟೋ ದರಾ ಅಷ್ಟು. ಸಾಲಿಗಿ ಹೋಗೂದಕ್ಕಿಂತ ಮೊದಲ ಅಣ್ಣಗ ಇದ ಸಾಲಿ. ನಿಮಗ ಹೇಳಿಲ್ಲೇನ?"

ಹೇಳಿರಲಿಲ್ಲ. ಎಷ್ಟೋ ಸಂದರ್ಶನಗಳಲ್ಲಿ ತಾವು ಕಲಿತ ಭಾಷೆಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಿದ್ದರು, ಇದೊಂದನ್ನು ಎಲ್ಲಿಯೂ ಹೇಳಿರಲಿಲ್ಲ.

"ಈಗ ಏನನ್ನ ಮಾರಾಕತ್ತಾರ?"

"ಅದ ನನಗೂ ತಿಳಿವಲ್ದು. ದರಾ ಅಷ್ಟ ಹೇಳತಾನ, ದನಾ ಯಾವುದು ಅಂತ ಹೇಳವಲ್ಲ."

"ಕೈಗೆ ರೂಢಿ ಆಗಿದ್ದು ತಾನ ಆಡತಿರಬಹುದು" ಎಂದಳು ಅವಳು. ಆಸೆಪಡಲು ಹೆದರಿಕೆಯಾಗುತ್ತಿತ್ತು.

"ಹಂಗಾರ ನೀವ ಕೇಳಿ ನೋಡ್ರಿ. ಬೆರಳ ಕಡಿಮಿ ಹಿಡೀರಿ."

ಅವಳು ಕೈ ಒಳಗಿಟ್ಟು ಅವರ ಒಂದೇ ಬೆರಳನ್ನು ಹಿಡಿದಳು. ಅವರು ಕೊಡವಿದರು. ಕಡಿಮೆ ದರವನ್ನು ಬರೀ ರೂಢಿಯಿಂದಲೂ ಕೊಡವಬಹುದು. ಅವಳು ಯೋಚಿಸಿ, ಈ ಸಲ ಐದೂ ಬೆರಳುಗಳನ್ನು ಒಟ್ಟಿಗೆ ಹಿಡಿದಳು.

ಸಿದರಾಯರ ಕಣ್ಣು ತೊಲೆಯಿಂದ ಇಳಿದು ಅವಳ ಮೇಲೆ ನಿಂತಿತು. ಅವರು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ದಡ್ಡಿಯೊಬ್ಬಳು ಮೋಸ ಹೋಗದಂತೆ ತಡೆಯುವವರ ಹಾಗೆ.

"ಐದೂ ಬ್ಯಾಡ ಅಂದ್ರು" ಎಂದಳು.

"ಬ್ಯಾಡ ಅಂದ್ನಾ? ಮಾರಾಂವ ಹಂಗನ್ನೂದಿಲ್ರೀ." ಕಾಮಣ್ಣ ತಲೆ ಕೆರೆದುಕೊಂಡ. "ನನ್ನ ಕೂಡ ಏರಸ್ತಾನ, ನಿಮ್ಮ ಕೂಡ ಇಳಸ್ತಾನ. ಯಾರ ಕಡೇಂವ ಇಂವ?"

ಯಾರ ಕಡೆಯವರಾದರೇನು, ಒಳಗೆ ಇದ್ದಾರೆ ಎಂದುಕೊಂಡಳು ಉಜ್ವಲಾ. ಚಾದರದ ಕೆಳಗೆ ಆ ಕೈ ಅವಳ ಮಾತಿಗಾಗಿ ಕಾಯುತ್ತಿತ್ತು. ಏನು ಮಾರಾಟಕ್ಕಿದೆಯೆಂದು ತಿಳಿಯದೆಯೇ ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಎರಡು ಬೆರಳು ಹಿಡಿದಳು.